ವಂಕಿ ಹಾಕುವಾಗಿನ ನೋವನ್ನು ಸುಮ್ನೆ ತಡೆದುಕೊಳ್ಳಬೇಕಾ?

ಪ್ರಶ್ನೆ: ನನಗೆ 27 ವರ್ಷ. ಕಲಬುರಗಿ ಜಿಲ್ಲೆ ಸೇಡಂ ತಾಲ್ಲೂಕಿನ ಹಳ್ಳಿ ನಮ್ಮದು. ಇಬ್ಬರು ಮಕ್ಕಳು, ಎರಡೂ ಸಿಸೇರಿಯನ್. ಚಿಕ್ಕವನಿಗೆ ಒಂದೂವರೆ ವರ್ಷ, ಇನ್ನೂ ಎದೆಹಾಲು ಬಿಟ್ಟಿಲ್ಲ. ಎರಡು ತಿಂಗಳ ಹಿಂದೆ ವಂಕಿ, ಅಂದರೆ ಬಸಿರಾಗದಂತೆ ಗರ್ಭಕೋಶದೊಳಗೆ ಇಡುವ ಕಾಪರ್-ಟಿ, ಹಾಕಿಸಿಕೊಳ್ಳಲು ಹೋಗಿದ್ದೆ. ಒಳಗೆ ಏನೋ ಕಚ್ಚಿ ಹಿಡಿದಂತಾಯಿತು. ಆಮೇಲೆ ಕೆಳಹೊಟ್ಟೆಯಲ್ಲಿ ತಡೆಯಲಾರದ ನೋವು. ಕೂಗಿಬಿಟ್ಟೆ. "ಎರಡು ಹಡದಾಕಿ ನೀ, ಇಷ್ಟಕ್ಕ ಒದರ್ತಿಯೇನು?" ಎಂದು ಬೈದರು. ಮೈಯೆಲ್ಲ ಬೆವರಿ ಚಕ್ಕರ್ ಬಂತು. ವಂಕಿ ಹಾಕದೆಯೇ ಎಬ್ಬಿಸಿ ಕಳಿಸಿದರು. ಈಗ ಅತ್ತೆ ಆಪರೇಷನ್ ಮಾಡಿಸಿಕೋ ಅನ್ನುತ್ತಾರೆ. ನನಗೆ ಈಗಲೇ ಅದು ಬೇಡ. ಮತ್ತೆ ವಂಕಿಗೆ ಹೋಗಲು ಹೆದರಿಕೆ. ನೋವು ಆಗದಂತೆ ಏನಾದರೂ ಕೊಡುತ್ತಾರಾ? ಕೇಳಿದರೆ ಮತ್ತೆ ಬೈಯುತ್ತಾರಾ?

ಉತ್ತರ: ತಂಗಿ, ಮೊದಲು ನಿಮ್ಮನ್ನು ಬೈದ ಆ ಮಾತಿಗೇ ಬರುತ್ತೇನೆ. "ಎರಡು ಹಡದಾಕಿ" ಅಂದರಲ್ಲ, ನಿಮ್ಮ ಎರಡು ಹೆರಿಗೆಯೂ ಹೊಟ್ಟೆ ಕೊಯ್ದು ಆದವು. ಮಗು ಆ ದಾರಿಯಿಂದ ಬಂದೇ ಇಲ್ಲ. ಹಾಗಿರುವಾಗ ಗರ್ಭಕೋಶದ ಬಾಯಿ ಸಹಜ ಹೆರಿಗೆ ಆದವರಷ್ಟು ಸಡಿಲ ಇರುವುದಿಲ್ಲ. ವಂಕಿ ಹಾಕುವ ಮಟ್ಟಿಗೆ ನಿಮ್ಮದು ಹೆಚ್ಚುಕಡಿಮೆ ಮಕ್ಕಳಾಗದ ಹೆಣ್ಣುಮಗಳ ಗರ್ಭಕೋಶದ ಬಾಯಿ ಇದ್ದಂತೆಯೇ. ಅಂಥವರಿಗೆ ನೋವು ಜಾಸ್ತಿ. ಇದು ವೈದ್ಯರಿಗೆ ಗೊತ್ತಿರುವ ವಿಷಯ. ಬೈಯುವ ಮೊದಲು ನಿಮ್ಮ ಕಾರ್ಡ್ ನೋಡಿದ್ದರೆ ಸಾಕಿತ್ತು. ಸಹಜ ಹೆರಿಗೆಯೇ ಆಗಿದ್ದರೂ ಬೈಯುವ ಮಾತು ಅದಲ್ಲ ಬಿಡಿ. ನೀವು ಕೂಗಿದ್ದು ತಪ್ಪಲ್ಲ. ನಿಮಗೆ ನಿಜವಾಗಿಯೂ ನೋವಾಗಿತ್ತು.

ನಾನೂ ಹೊಸದರಲ್ಲಿ "ಸ್ವಲ್ಪ ಚುರ್ ಅನ್ನುತ್ತೆ, ಅಷ್ಟೇ" ಎಂದು ಹೇಳುತ್ತಿದ್ದೆ. ನಮಗೆ ಕಲಿಸಿದವರು ಹಾಗೇ ಹೇಳುತ್ತಿದ್ದರು, ನಾವೂ ಅದನ್ನೇ ಹೇಳಿದೆವು. ಒಬ್ಬ ಹೆಣ್ಣುಮಗಳು ಮೇಜಿನಿಂದ ಇಳಿದು, ಸೀರೆ ಸರಿ ಮಾಡಿಕೊಂಡು, "ಮೇಡಂ, ಮೊದಲೇ ಖರೆ ಹೇಳಿದ್ರ ಆಗ್ತಿತ್ತಲ್ರಿ" ಎಂದಳು. ಸಿಟ್ಟು ಮಾಡಿ ಹೇಳಲಿಲ್ಲ. ಅದಕ್ಕೇ ನನಗೆ ಹೆಚ್ಚು ನಾಟಿತು. ಅಂದಿನಿಂದ ನಾನು ಆ "ಚುರ್" ಅನ್ನುವ ಮಾತು ಬಿಟ್ಟೆ.

ವೈದ್ಯರು ಈ ನೋವನ್ನು ಕಡಿಮೆ ಅಂದಾಜು ಮಾಡುತ್ತಾರೆ ಅನ್ನುವುದು ನನ್ನೊಬ್ಬಳ ಅನಿಸಿಕೆಯಲ್ಲ. ಅಮೆರಿಕದಲ್ಲಿ ಒಂದು ಅಧ್ಯಯನ ಮಾಡಿದರು. ವಂಕಿ ಹಾಕಿಸಿಕೊಂಡವರನ್ನು ಕೇಳಿದರು: ನೋವಿಗೆ ನೂರಕ್ಕೆ ಎಷ್ಟು ಅಂಕ ಕೊಡುತ್ತೀರಿ? ಹಾಕಿದ ವೈದ್ಯರನ್ನೂ ಕೇಳಿದರು: ಅವರಿಗೆ ಎಷ್ಟು ನೋವಾಯಿತು ಅನ್ನಿಸುತ್ತದೆ? ಮಹಿಳೆಯರು ಸರಾಸರಿ 65ರ ಹತ್ತಿರ ಹೇಳಿದರು. ವೈದ್ಯರು 35ರ ಹತ್ತಿರ ಹೇಳಿದರು. ಎದುರಿಗೇ ನಿಂತವರಿಗೂ ಅರ್ಧದಷ್ಟೇ ಕಂಡಿತ್ತು.

ಬ್ರಿಟನ್ನಿನಲ್ಲೂ ಇದೇ ಕಥೆ. 2021ರಲ್ಲಿ ಬಿಬಿಸಿಯ ನಿರೂಪಕಿ ನಾಗಾ ಮುಂಚೆಟ್ಟಿ ಅವರು ರೇಡಿಯೊದಲ್ಲೇ ತಮ್ಮ ಅನುಭವ ಹೇಳಿಕೊಂಡರು. ತಮ್ಮ ಕೂಗು ಹೊರಗೆ ಕೂತಿದ್ದ ಗಂಡನಿಗೆ ಕೇಳಿತ್ತು, ಎರಡು ಸಲ ಪ್ರಜ್ಞೆ ತಪ್ಪಿತ್ತು ಎಂದರು. ಅಷ್ಟು ಓದಿದ, ಅಷ್ಟು ಹೆಸರಿರುವ ಹೆಣ್ಣುಮಗಳಿಗೇ ಹೀಗಾಗಿತ್ತು. ಅವರು ಮಾತಾಡಿದ ಮೇಲೆ ಸಾವಿರಾರು ಮಹಿಳೆಯರು ನಮಗೂ ಹೀಗೇ ಆಯಿತು ಎಂದು ಮುಂದೆ ಬಂದರು. ಹಾಗಂತ ಎಲ್ಲರಿಗೂ ಹೀಗಾಗುವುದಿಲ್ಲ. ಕೆಲವರು ಮುಟ್ಟಿನ ನೋವಿನಷ್ಟೇ ಅನ್ನುತ್ತಾರೆ. ಇನ್ನು ಕೆಲವರು "ಮುಗೀತಾ?" ಎಂದು ಕೇಳುತ್ತಾರೆ. ಯಾರಿಗೆ ಎಷ್ಟು ಅಂತ ಮೊದಲೇ ಖಚಿತವಾಗಿ ಹೇಳಲು ಬರುವುದಿಲ್ಲ. ಆದ್ದರಿಂದಲೇ ಎಲ್ಲರನ್ನೂ ಮೊದಲೇ ಕೇಳಬೇಕು.

ಈಗ ಒಳಗೆ ಏನಾಗುತ್ತದೆ ಅಂತ ಹೇಳುತ್ತೇನೆ. ಗೊತ್ತಿದ್ದರೆ ಅರ್ಧ ಹೆದರಿಕೆ ಇಳಿಯುತ್ತದೆ.

ಮೊದಲು ಕೈಯಿಂದ ಪರೀಕ್ಷೆ ಮಾಡುತ್ತಾರೆ. ಗರ್ಭಕೋಶ ಮುಂದಕ್ಕೆ ಬಾಗಿದೆಯೋ ಹಿಂದಕ್ಕೋ ನೋಡಲು. ಆಮೇಲೆ ಸ್ಪೆಕ್ಯುಲಮ್ ಹಾಕಿ ದಾರಿ ಅಗಲಿಸಿ, ಔಷಧಿಯಿಂದ ಒರೆಸುತ್ತಾರೆ. ಇಲ್ಲಿಯವರೆಗೆ ಕಸಿವಿಸಿ ಇರುತ್ತದೆ, ನೋವು ಅಷ್ಟಿಲ್ಲ. ನಂತರ ಗರ್ಭಕೋಶದ ಬಾಯಿಯನ್ನು ಇಕ್ಕಳದಂಥ ಸಾಧನದಿಂದ ಹಿಡಿದು ನೇರ ಮಾಡುತ್ತಾರೆ. ನಿಮಗೆ "ಕಚ್ಚಿ ಹಿಡಿದಂತೆ" ಆಗಿದ್ದು ಇದೇ. ನೋವಿನ ಮೊದಲ ಜಾಗ. ಆಮೇಲೆ ಒಂದು ತೆಳ್ಳನೆ ಕಡ್ಡಿ ಹಾಕಿ ಒಳಗಿನ ಆಳ ಅಳೆಯುತ್ತಾರೆ. ಸಾಮಾನ್ಯವಾಗಿ 6ರಿಂದ 9 ಸೆಂಟಿಮೀಟರ್ ಇರುತ್ತದೆ. ಕಡ್ಡಿ ಒಳಬಾಯಿ ದಾಟುವಾಗ ಗರ್ಭಕೋಶ ಹಿಂಡಿಕೊಳ್ಳುತ್ತದೆ. ಅದು ಎರಡನೇ ಜಾಗ. ಕೊನೆಗೆ ನಳಿಕೆಯೊಳಗಿಂದ ವಂಕಿಯನ್ನು ಬಿಟ್ಟು, ನಳಿಕೆ ಹೊರಗೆ ತೆಗೆದು, ದಾರ ಕತ್ತರಿಸುತ್ತಾರೆ. ಅದು ಮೂರನೆಯದು. ಎಲ್ಲ ಸೇರಿ ಐದು ನಿಮಿಷದ ಕೆಲಸ. ಜೋರು ನೋವು ಇರುವುದು ಅದರಲ್ಲಿ ಸ್ವಲ್ಪ ಹೊತ್ತು. ಆದರೆ ಮೇಜಿನ ಮೇಲೆ ಮಲಗಿದವಳಿಗೆ ಆ ಸ್ವಲ್ಪ ಹೊತ್ತೇ ಬಹಳ ದೊಡ್ಡದು.

ನಿಮಗೆ ಚಕ್ಕರ್ ಬಂದದ್ದಕ್ಕೂ ಕಾರಣ ಇದೆ. ಗರ್ಭಕೋಶದ ಬಾಯಿಯನ್ನು ಹಿಗ್ಗಿಸಿದಾಗ ಕೆಲವರಲ್ಲಿ ನರಗಳ ಮೂಲಕ ನಾಡಿ ಬಡಿತ ಇಳಿಯುತ್ತದೆ, ರಕ್ತದೊತ್ತಡ ಬೀಳುತ್ತದೆ. ಬೆವರು, ಕಣ್ಣು ಕತ್ತಲೆ, ವಾಂತಿ ಬಂದಂತೆ ಆಗುವುದು, ಎಲ್ಲ ಅದರಿಂದಲೇ. ಅದು ಹೆದರುಪುಕ್ಕಲುತನ ಅಲ್ಲ. ಕಾಲು ಎತ್ತರಿಸಿ ಮಲಗಿಸಿದರೆ ಸಾಮಾನ್ಯವಾಗಿ ಕೆಲವೇ ನಿಮಿಷದಲ್ಲಿ ಸರಿಹೋಗುತ್ತದೆ. ಮುಂದಿನ ಸಲ ಇದನ್ನು ಮೊದಲೇ ಹೇಳಿ. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ನಮ್ಮ ಕಡೆ ಬಿಸಿಲು ಗೊತ್ತಲ್ಲ, ಬೇಸಿಗೆಯಲ್ಲಿ ನೀರು ಕುಡಿಯದೆ ಬಸ್ಸಿನಲ್ಲಿ ಬಂದು ನೇರ ಮೇಜಿಗೆ ಹತ್ತಿದರೆ ಯಾರಿಗಾದರೂ ಚಕ್ಕರ್ ಬಂದೀತು.

ಈಗ ನಿಮ್ಮ ಮುಖ್ಯ ಪ್ರಶ್ನೆ. ನೋವು ಕಡಿಮೆ ಮಾಡಲು ಕೊಡುವಂಥದ್ದು ಇದೆಯಾ? ಇದೆ.

ಹಲ್ಲು ಕೀಳುವಾಗ ಒಸಡಿಗೆ ಸೂಜಿ ಚುಚ್ಚಿ ಮರಗಟ್ಟಿಸುತ್ತಾರಲ್ಲ, ಆ ಔಷಧಿಯ ಹೆಸರು ಲಿಗ್ನೋಕೇನ್. 1940ರ ದಶಕದಲ್ಲಿ ಸ್ವೀಡನ್ನಿನಲ್ಲಿ ತಯಾರಾದದ್ದು. ಇವತ್ತಿಗೆ ತಾಲ್ಲೂಕು ಆಸ್ಪತ್ರೆಗಳಲ್ಲೂ ಇರುವ, ಹೆಚ್ಚು ಬೆಲೆಯಿಲ್ಲದ ಔಷಧಿ. ಹೆರಿಗೆಯ ನಂತರ ಹೊಲಿಗೆ ಹಾಕುವಾಗ ಇದನ್ನೇ ಕೊಡುತ್ತಾರೆ. ಅದೇ ಔಷಧಿಯನ್ನು ಗರ್ಭಕೋಶದ ಬಾಯಿಗೂ ಕೊಡಬಹುದು.

ಕೊಡುವ ಬಗೆ ಎರಡು ಮೂರು ಇವೆ. ಒಂದು, ನೂರಕ್ಕೆ ಹತ್ತರ ಶಕ್ತಿಯ ಸ್ಪ್ರೇ. ಗರ್ಭಕೋಶದ ಬಾಯಿಗೆ ಹೊಡೆದು ಮೂರು ನಿಮಿಷ ಕಾಯಬೇಕು. ಆ ಮೂರು ನಿಮಿಷ ಮುಖ್ಯ. ಹೊಡೆದ ತಕ್ಷಣ ಇಕ್ಕಳ ಹಾಕಿದರೆ ಹೊಡೆದೂ ಪ್ರಯೋಜನವಿಲ್ಲ. ಇನ್ನೊಂದು, ಲಿಗ್ನೋಕೇನ್ ಜತೆ ಪ್ರಿಲೋಕೇನ್ ಸೇರಿಸಿದ ಕ್ರೀಮು. ಹಚ್ಚಿ ಕೆಲವು ನಿಮಿಷ ಬಿಡಬೇಕು. ಮೂರನೆಯದು ಸೂಜಿ. ಗರ್ಭಕೋಶದ ಬಾಯಿಯ ಅಕ್ಕಪಕ್ಕ ಚುಚ್ಚಿ ಅಲ್ಲಿಯ ನರಗಳನ್ನು ಮರಗಟ್ಟಿಸುವುದು. ಸೂಜಿ ಚುಚ್ಚುವುದೇ ಒಂದು ನೋವು, ನಿಜ. ಆದರೂ ಒಟ್ಟು ನೋವು ಇಳಿಯುತ್ತದೆ. ಒಂದು ಮಗುವನ್ನೂ ಹೆರದ ಮಹಿಳೆಯರ ಮೇಲೆ ಅಮೆರಿಕದಲ್ಲಿ ನಡೆದ, 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಂಕಿ ಹಾಕುವ ಹೊತ್ತಿನ ನೋವು ಸೂಜಿ ಇಲ್ಲದವರಿಗೆ 54, ಸೂಜಿ ಪಡೆದವರಿಗೆ 33 ಇತ್ತು. ಸೊನ್ನೆ ಆಗಲಿಲ್ಲ ನೋಡಿ. ಆದರೆ ಕೂಗುವ ನೋವಿಗೂ ಹಲ್ಲು ಕಚ್ಚಿ ತಡೆಯುವ ನೋವಿಗೂ ಇರುವ ಅಂತರ ಅದು. ನಿಮ್ಮಂಥವರಿಗೆ, ಅಂದರೆ ಸಹಜ ಹೆರಿಗೆ ಆಗದ, ಹಿಂದೊಮ್ಮೆ ತುಂಬ ನೋವು ಉಂಡವರಿಗೆ, ನಾನು ಸೂಜಿಯನ್ನೇ ಆರಿಸುತ್ತೇನೆ.

ಒಂದು ವಿಷಯ ಗಮನಿಸಿ. ನೂರಕ್ಕೆ ಎರಡರ ಶಕ್ತಿಯ ಲಿಗ್ನೋಕೇನ್ ಜೆಲ್ ಎಲ್ಲ ಕಡೆ ಇರುತ್ತದೆ. ಅದನ್ನು ಸವರಿ "ಔಷಧಿ ಹಚ್ಚಿದ್ದೀವಲ್ಲ" ಅನ್ನುವುದುಂಟು. ವಂಕಿ ಹಾಕುವಾಗ ಆ ಜೆಲ್ಲಿನಿಂದ ಹೇಳಿಕೊಳ್ಳುವಷ್ಟು ಉಪಯೋಗ ಕಂಡಿಲ್ಲ.

ಹಾಗೆಯೇ ಗುಳಿಗೆ. "ಬರುವ ಮುಂಚೆ ಒಂದು ನೋವಿನ ಗುಳಿಗೆ ತಿಂದು ಬನ್ನಿ" ಅನ್ನುತ್ತೇವೆ. ಐಬುಪ್ರೊಫೇನ್ ಆಗಲಿ, ಮುಟ್ಟಿನ ನೋವಿಗೆ ಎಲ್ಲರೂ ತರುವ ಮೆಫ್ಟಾಲ್ ಆಗಲಿ, ಅವುಗಳ ಉಪಯೋಗ ಇರುವುದು ಮನೆಗೆ ಬಂದ ಮೇಲಿನ ಸೆಳೆತಕ್ಕೆ. ಹಾಕುವ ಹೊತ್ತಿನ ನೋವನ್ನು ಐಬುಪ್ರೊಫೇನ್ ಅಷ್ಟಾಗಿ ತಗ್ಗಿಸುವುದಿಲ್ಲ ಎಂದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಆದ್ದರಿಂದ ಗುಳಿಗೆ ತಿಂದರೂ ನೋವಾಯಿತು ಅಂತ ನೀವು ಗಾಬರಿಯಾಗುವುದೂ ಬೇಡ, ಗುಳಿಗೆ ಕೊಟ್ಟೆವು ಅಂತ ನಾವು ಕೈ ತೊಳೆದುಕೊಳ್ಳುವುದೂ ಬೇಡ. ಹೊಟ್ಟೆ ಹುಣ್ಣು, ಮೂತ್ರಪಿಂಡದ ತೊಂದರೆ, ಅಸ್ತಮಾ ಇದ್ದವರು ವೈದ್ಯರನ್ನು ಕೇಳದೆ ಈ ಗುಳಿಗೆಗಳನ್ನು ತಿನ್ನಬಾರದು. ಅವರಿಗೆ ಪ್ಯಾರಾಸಿಟಮಾಲ್ ಸಾಕು.

ಇನ್ನು ಮಿಸೊಪ್ರೊಸ್ಟಾಲ್ ಎಂಬ ಗುಳಿಗೆ. ಗರ್ಭಕೋಶದ ಬಾಯಿ ಮೆತ್ತಗಾಗಲಿ ಎಂದು ಹಿಂದಿನ ರಾತ್ರಿ ಇಟ್ಟುಕೊಳ್ಳಲು ಕೆಲವರು ಹೇಳುತ್ತಾರೆ. ಎಲ್ಲರಿಗೂ ಕೊಡುವಂಥದ್ದಲ್ಲ ಅದು. ನೋವು ಇಳಿಸುವ ಬದಲು ಸೆಳೆತ, ವಾಂತಿ, ಭೇದಿ ತರುತ್ತದೆ. ಒಮ್ಮೆ ಪ್ರಯತ್ನಿಸಿದಾಗ ದಾರಿ ಬಿಗಿಯಾಗಿ ವಂಕಿ ಒಳಗೇ ಹೋಗಲಿಲ್ಲ ಅಂದರೆ ವೈದ್ಯರು ಯೋಚಿಸಿ ಕೊಡಬಹುದು. ನೀವಾಗಿಯೇ ಮೆಡಿಕಲ್ ಶಾಪಿನಿಂದ ತಂದು ಬಳಸಬೇಡಿ.

ಇವು ಬರೀ ನನ್ನ ಮಾತಲ್ಲ. 2024ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಅಂದರೆ ಸಿಡಿಸಿ, ತನ್ನ ಮಾರ್ಗಸೂಚಿ ತಿದ್ದಿತು. ಲಿಗ್ನೋಕೇನ್ ನೋವು ತಗ್ಗಿಸಬಹುದು, ಪ್ರತಿಯೊಬ್ಬ ಮಹಿಳೆಯ ಜೊತೆ ನೋವಿನ ಬಗ್ಗೆ ಮೊದಲೇ ಮಾತಾಡಬೇಕು ಎಂದಿತು. 2025ರಲ್ಲಿ ಅಲ್ಲಿಯ ಸ್ತ್ರೀರೋಗ ತಜ್ಞರ ಸಂಘವೂ ಅದನ್ನೇ ಹೇಳಿತು. ಅಲ್ಲಿಗೇ ಇಷ್ಟು ತಡವಾಗಿ ಬಂತು. ಆದರೆ ಔಷಧಿ ನಮ್ಮ ಕಪಾಟಿನಲ್ಲೂ ಇದೆ ಅಲ್ವಾ? ಇಲ್ಲಿ ಕೊರತೆ ಇರುವುದು ಔಷಧಿಯದಲ್ಲ, ಕೇಳುವ ಮತ್ತು ಕಾಯುವ ರೂಢಿಯದು.

ಹಾಗಾದರೆ ನೀವು ಹೇಗೆ ಕೇಳಬೇಕು? ಮೇಜಿನ ಮೇಲೆ ಮಲಗಿದ ಮೇಲೆ ಕೇಳಬೇಡಿ. ಆಗ ಎಲ್ಲರಿಗೂ ಅವಸರ, ನಿಮಗೂ ಮಾತು ಬರುವುದಿಲ್ಲ. ಒಂದು ದಿನ ಮುಂಚೆ ಓಪಿಡಿಗೆ ಹೋಗಿ, ಸೀರೆ ಉಟ್ಟು ಕುರ್ಚಿ ಮೇಲೆ ಕೂತಾಗಲೇ ಕೇಳಿ. "ನನಗೆ ಎರಡೂ ಸಿಸೇರಿಯನ್. ಹೋದ ಸಲ ಭಾಳ ನೋವಾಗಿ ಚಕ್ಕರ್ ಬಂದಿತ್ತು. ಈ ಸಲ ಗರ್ಭಕೋಶದ ಬಾಯಿಗೆ ಲಿಗ್ನೋಕೇನ್ ಕೊಟ್ಟು ಹಾಕ್ತೀರಾ?" ಇಷ್ಟೇ ಸಾಕು. ಔಷಧಿಯ ಹೆಸರು ಹೇಳಿದರೆ ಮಾತಿಗೆ ತೂಕ ಬರುತ್ತದೆ. ಬೇಕಿದ್ದರೆ ಚೀಟಿಯಲ್ಲಿ ಬರೆದುಕೊಂಡು ಹೋಗಿ. ನಿಮ್ಮೂರಿನ ಆಶಾ ಅಕ್ಕನನ್ನು ಜೊತೆಗೆ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ಹಲ್ಲಿಗೆ ಸೂಜಿ ಹಾಕಿಸಿಕೊಂಡಾಗ ಏನಾದರೂ ಅಲರ್ಜಿ ಆಗಿದ್ದರೆ ಅದನ್ನೂ ಹೇಳಿ.

ಸೂಜಿ ಕೊಡುವ ಅನುಕೂಲ ಅಲ್ಲಿ ಇಲ್ಲ ಅಂದರೆ ಜಗಳ ಬೇಡ. ಕಲಬುರಗಿಯ ಜಿಮ್ಸ್‌ನಂಥ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಚೀಟಿ ಬರೆದು ಕಳಿಸಲು ಕೇಳಿ. ಸೇಡಂನಿಂದ ಬಸ್ ಇದೆ, ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡೂ ಇಲ್ಲ. ದೊಡ್ಡ ಆಸ್ಪತ್ರೆಗೆ ಹೋಗಲು ನಿಮಗೆ ಇನ್ನೊಂದು ಕಾರಣವೂ ಇದೆ. ಎರಡು ಸಿಸೇರಿಯನ್ ಆದ ಮೇಲೆ ಕೆಲವರ ಗರ್ಭಕೋಶ ಹೊಟ್ಟೆಯ ಗೋಡೆಗೆ ಅಂಟಿಕೊಂಡು ಮೇಲಕ್ಕೆ ಎಳೆದಂತೆ ಇರುತ್ತದೆ. ಆಗ ಅದರ ಬಾಯಿ ಕೈಗೆ ಸುಲಭವಾಗಿ ಸಿಗುವುದಿಲ್ಲ. ಹೋದ ಸಲ ಅಷ್ಟು ಎಳೆದಾಡಿದ್ದಕ್ಕೆ ಅದೂ ಕಾರಣ ಇರಬಹುದು. ಮೊದಲು ಒಂದು ಸ್ಕ್ಯಾನ್ ಮಾಡಿಸಿ. ಬೇಕಾದರೆ ಸ್ಕ್ಯಾನ್ ನೋಡುತ್ತಲೇ ವಂಕಿ ಹಾಕುತ್ತಾರೆ. ಬಿಳಿ ಸೆರಗು, ವಾಸನೆ, ಕೆಳಹೊಟ್ಟೆ ನೋವು ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆ ಆಗಲಿ. ಸೋಂಕಿದ್ದಾಗ ವಂಕಿ ಹಾಕಬಾರದು, ನೋವೂ ಹೆಚ್ಚು.

ಮಗು ಇನ್ನೂ ಹಾಲು ಕುಡಿಯುತ್ತಾನೆ ಎಂದಿರಿ. ಇದನ್ನು ತಪ್ಪದೆ ಹೇಳಿ. ಹಾಲುಣಿಸುವವರಿಗೆ ವಂಕಿ ಹಾಕುವಾಗ ನೋವು ಸ್ವಲ್ಪ ಕಡಿಮೆ ಅಂತ ಕಂಡಿದೆ. ಆದರೆ ಗರ್ಭಕೋಶದ ಗೋಡೆಗೆ ತೂತು ಬೀಳುವ ಅಪಾಯ ಉಳಿದವರಿಗಿಂತ ಜಾಸ್ತಿ. ಒಟ್ಟಾರೆ ಅದು ಸಾವಿರಕ್ಕೆ ಒಂದೆರಡು ಮಾತ್ರ, ಹೆದರಬೇಡಿ. ಅವಸರವಿಲ್ಲದೆ ಮೆಲ್ಲಗೆ ಮಾಡುವವರ ಕೈಗೆ ಹೋಗಬೇಕು, ಅಷ್ಟೇ.

ಔಷಧಿಯಷ್ಟೇ ಕೆಲಸ ಮಾಡುವ ಇನ್ನೊಂದು ಸಂಗತಿ ಇದೆ. ಪಕ್ಕದಲ್ಲಿ ಒಬ್ಬರು ನಿಂತು ಕೈ ಹಿಡಿಯುವುದು. "ಈಗ ಹಿಡಿಯುತ್ತೇನೆ, ಈಗ ಕಡ್ಡಿ ಹಾಕುತ್ತೇನೆ" ಎಂದು ಹೇಳುತ್ತಾ ಮಾಡುವುದು. "ನಿಲ್ಲಿಸಿ" ಅಂದ ತಕ್ಷಣ ಕೈ ನಿಲ್ಲಿಸುವುದು. ನಾನು ಎಲ್ಲರಿಗೂ ಮೊದಲೇ ಹೇಳುತ್ತೇನೆ: ಕೈ ಎತ್ತಿ, ನಾನು ನಿಲ್ಲಿಸುತ್ತೇನೆ. ನಿಲ್ಲಿಸುವ ಅಧಿಕಾರ ತಮ್ಮ ಕೈಯಲ್ಲಿದೆ ಅಂತ ಗೊತ್ತಾದ ಮೇಲೆ ಬಹಳ ಜನ ಕೈ ಎತ್ತುವುದೇ ಇಲ್ಲ. ನೀವೂ ಕೇಳಿ: "ನಾನು ಸಾಕು ಅಂದ್ರೆ ನಿಲ್ಲಿಸ್ತೀರಾ?"

ಮುಟ್ಟಿನ ದಿನಗಳಲ್ಲೇ ಹಾಕಿಸಬೇಕಾ ಅಂತ ಬಹಳ ಜನ ಕೇಳುತ್ತಾರೆ. ಬಸಿರಿಲ್ಲ ಅನ್ನುವುದು ಖಚಿತವಾಗಿದ್ದರೆ ಯಾವ ದಿನವಾದರೂ ಆಗುತ್ತದೆ.

ಇದನ್ನು ಓದುತ್ತಿರುವ ಬಸುರಿಯರಿಗೂ ಒಂದು ಮಾತು. ಹೆರಿಗೆಯಾಗಿ ಕಸ (ಮಾಸು) ಬಿದ್ದ ಹತ್ತು ನಿಮಿಷದೊಳಗೆ, ಇಲ್ಲವೇ 48 ಗಂಟೆಯೊಳಗೆ ವಂಕಿ ಹಾಕಬಹುದು. ಸಿಸೇರಿಯನ್ ಆದರೆ ಹೊಲಿಗೆ ಹಾಕುವ ಮುಂಚೆಯೇ ಇಡಬಹುದು. ಬೆನ್ನಿಗೆ ಕೊಟ್ಟ ಸೂಜಿಯಿಂದ ಸೊಂಟದ ಕೆಳಗೆ ಹೇಗೂ ಮರಗಟ್ಟಿರುತ್ತದೆ, ಬೇರೆ ನೋವೇ ಇಲ್ಲ. ಹಾಗೆ ಹಾಕಿದ್ದು ಜಾರಿ ಬೀಳುವ ಸಾಧ್ಯತೆ ಸ್ವಲ್ಪ ಹೆಚ್ಚು, ಆದ್ದರಿಂದ ಮತ್ತೆ ತೋರಿಸಲೇಬೇಕು. ಆದರೆ ಇದನ್ನು ಬಸುರಿಯ ತಪಾಸಣೆಗೆ ಹೋದಾಗಲೇ ಮಾತಾಡಿ ಒಪ್ಪಿಗೆ ಕೊಟ್ಟಿರಬೇಕು. ಹೆರಿಗೆ ನೋವಿನ ನಡುವೆ ಸಹಿ ಹಾಕಿಸಿಕೊಂಡರೆ ಅದು ಒಪ್ಪಿಗೆಯಲ್ಲ. ನಿಮಗೆ ಎರಡನೇ ಸಿಸೇರಿಯನ್ ಹೊತ್ತಿಗೆ ಯಾರಾದರೂ ಇದನ್ನು ಹೇಳಿದ್ದರೆ ಈ ಪತ್ರವೇ ಬರುತ್ತಿರಲಿಲ್ಲ ಅನ್ನಿಸಿ ಬೇಜಾರಾಯಿತು.

ಈಗ ಅತ್ತೆಯ ಮಾತು. ಅವರನ್ನು ತಪ್ಪು ತಿಳಿಯಬೇಡಿ. 1965ರಲ್ಲಿ ಸರ್ಕಾರ ಲೂಪ್ ಎಂಬ ವಂಕಿ ತಂದಿತು. ಲಕ್ಷಗಟ್ಟಲೆ ಹೆಂಗಸರಿಗೆ ಹಾಕಿದರು. ರಕ್ತ ಹೋದರೆ, ನೋವಾದರೆ ಮತ್ತೆ ನೋಡುವವರು ಇರಲಿಲ್ಲ. ಆಗ ಬಂದ ಕೆಟ್ಟ ಹೆಸರು ಇನ್ನೂ ಪೂರ್ತಿ ಅಳಿದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ ನೂರು ಹೆಂಗಸರಲ್ಲಿ 57 ಜನ ಆಪರೇಷನ್ ಮಾಡಿಸಿಕೊಂಡವರು. ದೇಶದಲ್ಲಿ ವಂಕಿ ಬಳಸುವವರು ನೂರಕ್ಕೆ ಎರಡು. 27ಕ್ಕೇ ಆಪರೇಷನ್ ಬೇಡ ಅನ್ನುವ ನಿಮ್ಮಂಥವರು ಒಂದು ದಿನದ ನೋವಿಗೆ, ಒಂದು ಬೈಗುಳಕ್ಕೆ ಹೆದರಿ ಆ ಕಡೆ ಹೋಗುತ್ತೀರಿ ಅನ್ನುವುದು ನನ್ನ ದೊಡ್ಡ ಚಿಂತೆ. ಕಾಪರ್-ಟಿ 380ಎ ಹತ್ತು ವರ್ಷ ಕೆಲಸ ಮಾಡುತ್ತದೆ. ಬೇಡವಾದಾಗ ತೆಗೆಸಬಹುದು, ಮತ್ತೆ ಬಸಿರಾಗಬಹುದು. 375 ಎಂಬುದು ಐದು ವರ್ಷದ್ದು. ಎರಡೂ ಸರ್ಕಾರಿ ದವಾಖಾನೆಯಲ್ಲಿ ಉಚಿತ.

ತಾಮ್ರದ ವಂಕಿಯಿಂದ ಮೊದಲ ಕೆಲವು ತಿಂಗಳು ಮುಟ್ಟಿನ ರಕ್ತ ಜಾಸ್ತಿ ಹೋಗಬಹುದು. ನಮ್ಮ ಭಾಗದ ಹೆಣ್ಣುಮಕ್ಕಳಲ್ಲಿ ರಕ್ತ ಕಡಿಮೆ ಇರುವವರು ಬಹಳ. ಹಾಕಿಸುವ ಮೊದಲು ಹಿಮೋಗ್ಲೋಬಿನ್ ನೋಡಿಸಿ. ತೀರ ಕಡಿಮೆ ಇದ್ದರೆ, ಈಗಲೇ ಮುಟ್ಟು ಜೋರಾಗಿದ್ದರೆ, ಹಾರ್ಮೋನು ಇರುವ ವಂಕಿಯ ಬಗ್ಗೆ ಕೇಳಿ. ಅದು ರಕ್ತ ಹೋಗುವುದನ್ನು ಕಡಿಮೆ ಮಾಡುತ್ತದೆ. ಸಾಮಾನ್ಯವಾಗಿ ಖಾಸಗಿಯಲ್ಲಿ ದುಡ್ಡು ಕೊಟ್ಟು ಹಾಕಿಸಬೇಕಾಗುತ್ತದೆ.

ಹಾಕಿಸಿದ ದಿನ ಮೇಜಿನಿಂದ ಗಡಬಡಿಸಿ ಇಳಿಯಬೇಡಿ. ಹತ್ತು ಹದಿನೈದು ನಿಮಿಷ ಮಲಗಿ, ಮೆಲ್ಲಗೆ ಕೂತು, ಆಮೇಲೆ ಏಳಿ. ಮನೆಗೆ ಬಂದು ಹೊಟ್ಟೆಗೆ ಬಿಸಿನೀರಿನ ಶಾಖ ಕೊಡಿ. ಒಂದೆರಡು ದಿನ ಸೆಳೆತ, ಸ್ವಲ್ಪ ರಕ್ತದ ಕಲೆ ಸಹಜ. ಊಟ ಮಾಡಿ ಗುಳಿಗೆ ತಿನ್ನಿ. ಜ್ವರ ಬಂದರೆ, ಕೆಟ್ಟ ವಾಸನೆಯ ಬಿಳಿ ಸೆರಗು ಹೋದರೆ, ನೋವು ದಿನದಿನಕ್ಕೆ ಏರುತ್ತಿದ್ದರೆ, ಮುಟ್ಟು ನಿಂತರೆ, ದಾರ ಕೈಗೆ ಸಿಗದಿದ್ದರೆ ಕಾಯಬೇಡಿ, ಹೋಗಿ ತೋರಿಸಿ. ಏನೂ ಇಲ್ಲದಿದ್ದರೂ ಮುಂದಿನ ಮುಟ್ಟಾದ ಮೇಲೆ ಒಮ್ಮೆ ತೋರಿಸಿ.

ಇಷ್ಟೆಲ್ಲ ಓದಿದ ಮೇಲೂ ವಂಕಿ ಬೇಡವೇ ಬೇಡ ಅನ್ನಿಸಿದರೆ ಅದೂ ಸರಿ. ಮೂರು ತಿಂಗಳಿಗೊಮ್ಮೆ ಹಾಕುವ ಅಂತರಾ ಚುಚ್ಚುಮದ್ದಿದೆ. ಲಖನೌದಲ್ಲಿ ಕಂಡುಹಿಡಿದ, ಹಾರ್ಮೋನು ಇಲ್ಲದ ಛಾಯಾ ಗುಳಿಗೆ ಇದೆ. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಎರಡೂ ಉಚಿತ, ಎರಡನ್ನೂ ಹಾಲುಣಿಸುವವರು ತೆಗೆದುಕೊಳ್ಳಬಹುದು. ಯಜಮಾನರ ಜೊತೆ ಕೂತು ಮಾತಾಡಿ, ಒಳ್ಳೆಯದೇ. ಆದರೆ ವಂಕಿ ಹಾಕಿಸಲು ಕಾನೂನಿನಲ್ಲಿ ನಿಮ್ಮ ಒಪ್ಪಿಗೆಯೊಂದೇ ಸಾಕು.

ಹೋಗುವಾಗ ಎರಡನೇ ಸಿಸೇರಿಯನ್‌ನ ಡಿಸ್ಚಾರ್ಜ್ ಕಾರ್ಡ್ ಇಟ್ಟುಕೊಳ್ಳಿ. ಹೆರಿಗೆ ನೋವು ಶುರುವಾದ ಮೇಲೆ ಆಪರೇಷನ್ ಮಾಡಿದರೋ, ಮೊದಲೇ ದಿನ ಗೊತ್ತು ಮಾಡಿ ಮಾಡಿದರೋ ಅದರಲ್ಲಿ ಬರೆದಿರುತ್ತದೆ. ಗರ್ಭಕೋಶದ ಬಾಯಿ ಎಷ್ಟು ತೆರೆದಿತ್ತು ಅನ್ನುವುದು ವೈದ್ಯರಿಗೆ ಅದರಿಂದ ತಿಳಿಯುತ್ತದೆ. ಮಗನನ್ನು ಅತ್ತೆಯ ಹತ್ತಿರ ಬಿಟ್ಟು ಬನ್ನಿ. ವಾಪಸ್ ಹೋಗುವಾಗ ಬಸ್ಸಿನಲ್ಲಿ ಅವನನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವುದು ಆ ಒಂದು ದಿನ ಕಷ್ಟವಾಗುತ್ತದೆ.